ಭೀಮರಾಯನ ಬಳ್ಳಿ

ನನ್ನ ಮಗಳು ಕಾಡವ್ವ ತೀರಿಕೊಂಡ ಆರು ತಿಂಗಳಿಗೆ, ೧೯೫೮ನೆಯ ಇಸವಿಯ ಮಾಘ ಮಾಸದಲ್ಲಿ, ನಮ್ಮ ಮನೆತನದ ಹೆಳವ ಮೇಲವಂಕಿಗೆ ಬಂದ. ಅವನ ಹೆಸರು ಸತ್ತೆಪ್ಪ. ಹುಕ್ಕೇರಿಯ ಆಚೆ ಒಂದು ಹಳ್ಳಿಯವನು.

ಹೆಳವರು ನಮ್ಮ ಕಡೆಯ ಒಕ್ಕಲು ಮನೆತನಗಳ ವಂಶಾವಳಿಯನ್ನು ಬರೆದು ಇಟ್ಟುಕೊಂಡವರು. ಆರೇಳು ವರ್ಷಕ್ಕೊಮ್ಮೆ ಬರುತ್ತಾರೆ. ಮುಂಜಾನೆ ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬಾಗಿಲ ಮುಂದೆ ನಿಲ್ಲುತ್ತಾರೆ. ಅವರ ಮೂಲಪುರುಷನಿಗೆ ಕಾಲು ಇರಲಿಲ್ಲವಂತೆ. ಸತ್ತೆಪ್ಪನಿಗೆ ಎರಡೂ ಕಾಲು ನೆಟ್ಟಗಿವೆ. ಆದರೂ ಓದಿ ಮುಗಿಯುವತನಕ ಅವನು ಎತ್ತಿನಿಂದ ಇಳಿಯುವುದಿಲ್ಲ. ಮೊದಲಿನ ಹಿರಿಯನಿಂದ ಹಿಡಿದು ಮೊನ್ನೆ ಹುಟ್ಟಿದ ಗಂಡುಕೂಸಿನವರೆಗೆ ಹೆಸರು ಓದುತ್ತಾನೆ. ಇದಕ್ಕೆ ಬಳ್ಳಿ ಓದುವುದು ಎನ್ನುತ್ತಾರೆ. ಓದಿದ ಮೇಲೆ ಹೊಸ ಹೆಸರುಗಳನ್ನು ಬರೆದುಕೊಂಡು, ಜೋಳ, ಬಟ್ಟೆ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ.

ಆ ದಿನ ಬಾಗಿಲ ಮುಂದೆ ನಾನಿದ್ದೆ, ನನ್ನ ಹೆಂಡತಿ ಸುಂದ್ರವ್ವ ಇದ್ದಳು, ಬಾಜೂ ಮನೆಯಿಂದ ನನ್ನ ದೊಡ್ಡಪ್ಪನ ಮಗ ಅಲ್ಲಪ್ಪ ಬಂದಿದ್ದ. ಅಲ್ಲಪ್ಪ ನಮ್ಮ ಭಾವಕಿಗೆಲ್ಲ, ಅಂದರೆ ಒಂದೇ ಬಳ್ಳಿಯ ಅಣ್ಣತಮ್ಮಂದಿರ ಮನೆಗಳಿಗೆಲ್ಲ, ಹಿರಿಯ. ನನಗಿಂತ ಆರು ವರ್ಷ ದೊಡ್ಡವನು. ಆ ಆರು ವರ್ಷಗಳನ್ನು ಅವನು ಒಂದು ದಿನವೂ ಮರೆತವನಲ್ಲ.

ಸತ್ತೆಪ್ಪ ಓದಿದ. ಏಳನೆಯ ಹೆಸರಿಗೆ ಬಂದಾಗ ಎಂದಿನಂತೆ ದನಿ ಏರಿಸಿದ.

“ಉದ್ದಪ್ಪನ ಮಗ ಭೀಮರಾಯ. ಕೆಂದ ಮೈಯಾತ, ಹಣಿ ಮ್ಯಾಲ ಬಿಳಿ ಬೊಟ್ಟಿನಾತ, ನಾಕಾಳಿನ ಬಲದಾತ. ಜಾಲಿಮಡ್ಡಿ ಮುರದು ಹೊಲಾ ಮಾಡಿದಾತ.”

ಅಲ್ಲಪ್ಪ ಕೈ ಮುಗಿದ. ಭೀಮರಾಯ ನಮ್ಮ ಮನೆತನಕ್ಕೆ ದೊಡ್ಡ ಹೆಸರು. ನಾವು ಉಣ್ಣುವ ಹೊಲ ಜಾಲಿಯ ಬೀಳು ಕಡಿದು ಅವನು ಮಾಡಿದ್ದು. ಆಗ ನಮ್ಮ ಭಾವಕಿಯಲ್ಲಿ ನಾಲ್ಕು ಮಂದಿ ಭೀಮರಾಯರಿದ್ದರು. ಅವರಲ್ಲಿ ಒಬ್ಬ ಅಲ್ಲಪ್ಪನ ಹಿರಿಯ ಮಗ. ನಾನು ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವವನು. ಹಣೆಯ ಮೇಲಿನ ಆ ಬಿಳಿಯ ಬೊಟ್ಟು ಗೋಪೀಚಂದನವೇ ಎಂದು ನಿಶ್ಚಯಿಸಿ, ವಿಠೋಬನ ಭಕ್ತಿ ನಮ್ಮ ಮನೆಗೆ ಭೀಮರಾಯನಿಂದ ಬಂದದ್ದೆಂದು ಭಜನೆಯವರ ಮುಂದೆ ಎರಡು ಸಲ ಹೇಳಿದ್ದೆ.

ಸತ್ತೆಪ್ಪ ನನ್ನ ಹೆಸರಿನ ತನಕ ಬಂದು ನಿಂತ. ನನ್ನ ಕೆಳಗೆ ಏನೂ ಇರಲಿಲ್ಲ.

“ಸಾತಪ್ಪ ಧಣ್ಯಾರಿಗೆ ಏನರೆ ಬರಿಯೂದೈತೇನ್ರಿ?”

“ಬರಿ. ಮಗಳು ಕಾಡವ್ವ.”

ಅವನು ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ್ದವನು ಹಾಗೆಯೇ ಹಿಡಿದುಕೊಂಡ.

“ಹೆಣ್ಣಮಕ್ಕಳ್ನ ಬರಿಯೂದಿಲ್ರಿ ಧಣಿ.”

“ಒಂಬತ್ತು ವರ್ಷ ಈ ಮನಿ ಒಕ್ಕಲತನಾ ಮಾಡ್ಯಾಳ.”

“ಖರೆ ಇರಬೇಕ್ರಿ. ಗಂಡನ ಮನಿ ಯಾವೂರು?”

“ಬೆಲ್ಲದ ಬಾಗೇವಾಡಿ.”

“ಹಂಗಾರ ಆ ಮನಿ ಹೆಳವರ ಹೊತ್ತಿಗ್ಯಾಗ ಇರ್ತಾರ್ರಿ. ಆ ಮನಿ ನಂದಲ್ಲ.”

ಕಾಡವ್ವನ ವಿಷಯ ಇಷ್ಟು. ಮೂರು ಮಕ್ಕಳು ಹುಟ್ಟಿ ಹೋದ ಮೇಲೆ ಹುಟ್ಟಿದವಳು. ಹದಿನೆಂಟಕ್ಕೆ ಬಾಗೇವಾಡಿಗೆ ಕೊಟ್ಟೆವು. ವರ್ಷದೊಳಗೆ ಗಂಡ ಹೋದ. ಮಕ್ಕಳಿರಲಿಲ್ಲ. ತವರಿಗೆ ಬಂದಳು. ಎರಡು ವರ್ಷ ಬಿಟ್ಟು ನನಗೆ ಸೊಂಟ ಹಿಡಿಯಿತು. ಆಳು ಸಿಗಲಿಲ್ಲ. ಒಂದು ದಿನ ಅವಳೇ ಎತ್ತು ಹೂಡಿದಳು. ನಮ್ಮಲ್ಲಿ ಹೆಣ್ಣುಮಗಳು ಬಿತ್ತಬಹುದು, ಕಳೆ ತೆಗೆಯಬಹುದು, ರಾಶಿ ಮಾಡಬಹುದು, ನೇಗಿಲು ಮುಟ್ಟಬಾರದು. ಊರಿನವರು ಮಳೆ ಹೋಗುತ್ತದೆ ಎಂದರು. ಆ ವರ್ಷ ಮಳೆ ಚೆನ್ನಾಗಿ ಆಯಿತು. ಮರುವರ್ಷ ಸ್ವಲ್ಪ ಕಡಿಮೆ ಆಯಿತು, ಆದರೆ ಅಷ್ಟೊತ್ತಿಗೆ ಅವರಿಗೆ ಅದು ರೂಢಿಯಾಗಿತ್ತು. ಹೋದ ಶ್ರಾವಣದಲ್ಲಿ ಒಂಬತ್ತು ದಿನ ಜ್ವರ ಬಂದು ಹೋದಳು. ಮೂವತ್ತು ವರ್ಷ.

ಸತ್ತೆಪ್ಪ ಹೊತ್ತಿಗೆ ಕಟ್ಟುವಾಗ ಸುಂದ್ರವ್ವ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಆರು ತಿಂಗಳಲ್ಲಿ ಅವಳು ಹತ್ತು ಮಾತು ಆಡಿದ್ದರೆ ಹೆಚ್ಚು.

“ನಾವಿಬ್ರೂ ಹ್ವಾದ ಮ್ಯಾಲ,” ಎಂದಳು, “ಆಕಿ ಇದ್ಲು ಅಂತ ಹೇಳಾಕ ಯಾರದಾರ?”

ಸತ್ತೆಪ್ಪನ ಎತ್ತು ತಲೆ ಅಲ್ಲಾಡಿಸಿತು, ಕೊರಳ ಗಂಟೆ ಸದ್ದಾಯಿತು.

“ನೋಡ್ರಿ ಧಣಿ,” ಎಂದ ಸತ್ತೆಪ್ಪ, “ನಿಮ್ಮ ಬಳ್ಳ್ಯಾಗ ಹಿಂದ ಒಬ್ಬಾಕಿ ಮಗಳ್ನ ಬರದಿದ್ರ, ನಾನೂ ಬರೀತೀನಿ. ಹಿಂದಿಲ್ಲದ್ದನ್ನ ನಾ ಹಚ್ಚಿದ್ರ ನಮ್ಮ ಮಂದಿ ನನ್ನ ಹೊತ್ತಿಗಿ ಕಸಗೋತಾರ. ಯುಗಾದಿ ತನಕಾ ಈ ಕಡೆ ಅದೇನಿ. ಆಮ್ಯಾಲ ಏಳು ವರ್ಷಕ್ಕ ಬರಾವ.”

ನನಗೆ ಆಗ ಅರವತ್ತು. ಸತ್ತೆಪ್ಪನಿಗೆ ಅರವತ್ತೈದು ಇರಬಹುದು. ಏಳು ವರ್ಷದ ಮಾತನ್ನು ಇಬ್ಬರೂ ನಂಬಲಿಲ್ಲ.

ಮೊದಲು ಬಾಗೇವಾಡಿಗೆ ಹೋದೆ. ಕಾಡವ್ವನ ಭಾವ ರಾಜಪ್ಪ ಒಳ್ಳೆಯ ಮನುಷ್ಯ. ಚಹ ಕೊಟ್ಟ, ಹೊಸ ಬೆಲ್ಲ ಕೊಟ್ಟ. ಅವರ ಮನೆಯ ಹೆಳವ ಬೇರೆಯವನು. ದೀಪಾವಳಿಗೆ ಬಂದು ಹೋಗಿದ್ದನಂತೆ.

“ನಮ್ಮ ಹೊತ್ತಿಗ್ಯಾಗ ಹೆಂಡ್ರ ಹೆಸರು ಬರೀತಾರ್ರಿ ಮಾವಾರ,” ಎಂದ, “ಆದ್ರ ಮಗನ ಹೆಸರಿನ ಬಾಜೂಕ ಬರೀತಾರ. ಇಂಥಾಕಿ ಹೊಟ್ಟಿಲೆ ಇಂಥಾಂವ ಅಂತ. ಮಗಾ ಇಲ್ಲಂದ್ರ ಬಾಜೂನ ಇಲ್ಲಲ್ರಿ.”

ಅವನ ಮಾತು ಸರಿಯಾಗಿತ್ತು. ಗಂಡನ ಮನೆಯ ಹೊತ್ತಿಗೆಯ ಪ್ರಕಾರ ಅವಳು ತವರಿನವಳು, ತವರಿನ ಹೊತ್ತಿಗೆಯ ಪ್ರಕಾರ ಗಂಡನ ಮನೆಯವಳು. ಎರಡು ಊರುಗಳ ನಡುವೆ ಘಟಪ್ರಭೆ ಇದೆ. ಅವಳನ್ನು ಹೊಳೆಯಲ್ಲಿ ಬರೆಯಬೇಕಾಗಿತ್ತು.

ಹಾಗಾದರೆ ನಮ್ಮ ಬಳ್ಳಿಯಲ್ಲೇ ಒಬ್ಬ ಮಗಳನ್ನು ಹುಡುಕಬೇಕು. ನಾನು ಮುಲ್ಕಿ ಪರೀಕ್ಷೆಗೆ ಕುಳಿತು ಪಾಸಾದವನು, ಕಾಗದಕ್ಕೆ ಹೆದರುವವನಲ್ಲ. ಹಿರಿಯರ ಹೆಸರು ಹೆಳವನ ಹೊತ್ತಿಗೆ ಬಿಟ್ಟರೆ ಸರಕಾರದಲ್ಲಿ ಇರುತ್ತದೆ ಎಂದು ಗೋಕಾಕದ ಕಚೇರಿಗೆ ಹೊರಟೆ. ಅಲ್ಲಪ್ಪ ನಾನೂ ಬರುತ್ತೇನೆ ಎಂದ. ಭೀಮರಾಯನ ಹೆಸರು ಸರಕಾರದ ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆಂದು ನೋಡುವ ಆಸೆ ಅವನಿಗೆ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ವರ್ಷ ದಾಟಿತ್ತು. ಕಚೇರಿಯ ಫಲಕ ಹೊಸದು. ಕಾರಕೂನ, ಮೇಜು, ಮೇಜಿನ ಮೇಲಿನ ಧೂಳು ಮುಂಬಯಿ ಕಾಲದವೇ. ಮೂರು ಸಲ ಹೋದ ಮೇಲೆ ಕಾರಕೂನ ಇಂಗ್ರೇಜರು ಹೊಲ ಅಳೆದು ಬರೆಸಿದ ಮೊದಲನೆಯ ಮೋಜಣಿಯ ಪುಸ್ತಕ ತೆಗೆಸಿದ. ನಮ್ಮ ಊರಿನ ಹಾಳೆ ತಿರುವಿ, ನಮ್ಮ ಹೊಲದ ಮೇಲೆ ಬೆರಳು ಇಟ್ಟ.

“ಜಾಲಿಮಡ್ಡಿ. ವಹಿವಾಟುದಾರಳು ಹಣಮವ್ವ, ಉದ್ದಪ್ಪನ ಮಗಳು.”

“ಮಗ,” ಎಂದ ಅಲ್ಲಪ್ಪ.

“ಮಗಳು ಅಂತ ಐತ್ರಿ.”

“ಭೀಮರಾಯ ಅಂತ ನೋಡ್ರಿ.”

ಕಾರಕೂನ ಪುಣ್ಯವಂತ, ಇಡೀ ಊರಿನ ಹಾಳೆಗಳನ್ನು ನೋಡಿದ. ಆ ಕಾಲದ ಮೇಲವಂಕಿಯಲ್ಲಿ ಜಮೀನು ಇದ್ದವರಲ್ಲಿ ಭೀಮರಾಯ ಎಂಬವನು ಒಬ್ಬನೂ ಇರಲಿಲ್ಲ. ನಾಲ್ಕಾಳಿನ ಬಲದವನು ಸರಕಾರದ ಕಣ್ಣಿಗೆ ಬೀಳದೆ ಹೇಗೆ ಉಳಿದ ಎಂದು ನನಗೆ ಸೋಜಿಗವಾಯಿತು. ಅಲ್ಲಪ್ಪನಿಗೆ ಆಗಲಿಲ್ಲ.

“ಆತ ವಿರಕ್ತ ಇದ್ದಿರಬೇಕಪಾ,” ಎಂದ ಕಚೇರಿಯ ಮೆಟ್ಟಿಲು ಇಳಿಯುತ್ತ. “ಹೊಲಾ ಮಾಡಿದ, ತಂಗಿ ಹೆಸರಿಗೆ ಹಚ್ಚಿದ, ದೇವರ ಕಡೆ ಮಾರಿ ಮಾಡಿದ. ನೀನ ಹೇಳ್ತಿದ್ದಿ ಅಲ್ಲ, ಗೋಪೀಚಂದನ ಅಂತ.”

ನಾನೇ ಹೇಳಿದ್ದೆ.

ನನಗೆ ಬೇಕಾದ ಮಗಳು ಸಿಕ್ಕಿದ್ದಳು. ಆದರೆ ಸರಕಾರದ ಪುಸ್ತಕದಲ್ಲಿ, ಹೆಳವನ ಹೊತ್ತಿಗೆಯಲ್ಲಿ ಅಲ್ಲ. ಈ ಹಣಮವ್ವ ಯಾರು, ಅವಳಿಗೂ ಭೀಮರಾಯನಿಗೂ ಏನು ಸಂಬಂಧ ಎಂದು ತಿಳಿಯಬೇಕಾಗಿತ್ತು. ನಮ್ಮ ಊರಿನ ಹಳೆಯ ದಫ್ತರ ಬರೆಯುತ್ತಿದ್ದ ಕುಲಕರ್ಣಿ ಮನೆತನದವರು ಈಗ ಮೂಡಲಗಿಯಲ್ಲಿದ್ದರು. ಮನೆಯ ಹಿರಿಯ ರಾಯರಿಗೆ ಎಂಬತ್ತು ದಾಟಿತ್ತು. ಮೋಡಿ ಲಿಪಿ ಓದಬಲ್ಲವರು ಆ ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು. ಹಳೆಯ ಮರಾಠಿ ಕಾಗದಗಳೆಲ್ಲ ಅದೇ ಲಿಪಿಯಲ್ಲಿ ಇರುತ್ತವೆ. ಲೇಖಣಿ ಎತ್ತದೆ ಬರೆದ ಅಕ್ಷರ. ಇರುವೆಯ ಸಾಲು ಮಳೆಗೆ ಸಿಕ್ಕ ಹಾಗೆ ಕಾಣುತ್ತದೆ.

ರಾಯರು ಅಟ್ಟದಿಂದ ಕೆಂಪು ಬಟ್ಟೆಯ ರುಮಾಲು ಕಟ್ಟಿದ ಗಂಟು ಇಳಿಸಲು ಹೇಳಿದರು. ನಾವೇ ಇಳಿಸಿದೆವು. ಎರಡು ದಿನ ಹೋಗಿ ಕುಳಿತೆವು. ಮೊದಲನೆಯ ದಿನ ಬೇರೆಯವರ ಬೇಲಿ ಜಗಳಗಳನ್ನು ಓದಿ ರಾಯರು ಬಹಳ ಸಂತೋಷಪಟ್ಟರು. ಎರಡನೆಯ ದಿನ ಮಧ್ಯಾಹ್ನ ಒಂದು ಕಾಗದ ಹಿಡಿದು, ಕನ್ನಡಕ ಏರಿಸಿದರು.

“ಇಲ್ಲೆ ಅದ ನೋಡಪಾ ಸಾತಪ್ಪ. ಹಣಮವ್ವ. ಒಂದು ಅರ್ಜಿ. ಕಂಪನಿ ಕಾಲದ್ದು.”

“ಏನ ಬರದಾರ್ರಿ ರಾಯರ?”

ಅವರು ಮನಸ್ಸಿನಲ್ಲಿ ಓದಿಕೊಂಡು ಒಂದೊಂದೇ ಮಾತು ಕನ್ನಡದಲ್ಲಿ ಹೇಳಿದರು. ನಾನು ಬರೆದುಕೊಂಡೆ. ಅದು ಹೀಗಿತ್ತು:

“ಮೇಲವಂಕಿಯ ಉದ್ದಪ್ಪನ ಮಗಳು ಹಣಮವ್ವನ ಅರ್ಜಿ. ನಾನು ಗಂಡ ಸತ್ತು ತವರುಮನೆಗೆ ಬಂದವಳು. ತಂದೆ ಹೋಗಿದ್ದಾರೆ. ಅಣ್ಣತಮ್ಮಂದಿರು ಇಲ್ಲ. ಲಕ್ಕಪ್ಪ ಎಂಬ ಹಾಲು ಕುಡಿಯುವ ಕೂಸು ಇದೆ. ನಮ್ಮ ಮನೆಯ ಒಕ್ಕಲತನವೆಲ್ಲ ಭೀಮರಾಯನ ಮೇಲೆ ನಡೆದಿದೆ. ಭೀಮರಾಯ ಎಂಬುದು ನನ್ನ ಎತ್ತು.”

ರಾಯರು ನೀರು ಕುಡಿದರು.

“ಇನ್ನೊಮ್ಮೆ ಓದ್ರಿ,” ಎಂದ ಅಲ್ಲಪ್ಪ.

“ಎಲ್ಲಿಂದಪಾ?”

“ಆ ಕಡಿ ಮಾತು.”

“ಭೀಮರಾಯ ಎಂಬುದು ನನ್ನ ಎತ್ತು. ಮೈ ಕೆಂದ, ಹಣಿ ಮ್ಯಾಲೆ ಬಿಳಿ ಬೊಟ್ಟು, ಬಲಗೋಡು ಮುರದದ. ನಾಲ್ಕು ಎತ್ತಿನ ಕೆಲಸಾ ಒಂದ ಮಾಡ್ತದ. ಸಾಹೇಬರ ಡೇರೆ ಸಾಗಸ್ಲಿಕ್ಕೆ ಹಿಡಕೊಂಡು ಹೋಗ್ಯಾರ. ಬಿತ್ತಿಗಿ ಹೊತ್ತು ಬಂದದ. ತಿರುಗಿ ಕೊಡಸಬೇಕು.” ರಾಯರು ಕಾಗದ ತಿರುವಿ ನೋಡಿದರು. “ಹಿಂದ ಒಂದು ಶೇರಾ ಅದ. ಎತ್ತು ಕೊಡಿಸಲಾಗಿದೆ ಅಂತ. ಛಲೋ ಆತು.”

“ಛಲೋ ಆತ್ರಿ,” ಎಂದೆ ನಾನು.

ಲಕ್ಕಪ್ಪ ನನ್ನ ಮುತ್ತಜ್ಜ. ಹೆಳವನ ಹೊತ್ತಿಗೆಯಲ್ಲಿ ಅವನು ಭೀಮರಾಯನ ಮಗ.

ಆ ಕಾಗದ ನಮ್ಮ ಮನೆಯದೇ ಎಂದು ರಾಯರು ನನ್ನ ಕೈಗೆ ಕೊಟ್ಟರು. ಮೂಡಲಗಿಯಿಂದ ಮೇಲವಂಕಿಗೆ ಬರುವಾಗ ಗಾಡಿ ಹೊಡೆಯುತ್ತಿದ್ದವನು ಅಲ್ಲಪ್ಪ. ಅರ್ಧ ದಾರಿಯಲ್ಲಿ ಗಾಡಿಯನ್ನು ನಿಲ್ಲಿಸಿದ.

“ನನ್ನ ಹಿರೇ ಮಗಗ ಎತ್ತಿನ ಹೆಸರ ಇಟ್ಟೇನಿ.”

“ನಾವ ಬಸವಣ್ಣನ ಹೆಸರ ಇಡೂದಿಲ್ಲೇನಣ್ಣ? ಆತನೂ ಎತ್ತ.”

“ಆತ ದೇವರಪಾ. ಇದು ಡೇರೆ ಹೊತ್ತದ್ದು.”

ಸ್ವಲ್ಪ ದೂರ ಹೋಗಿ ಮತ್ತೆ ಗಾಡಿ ನಿಲ್ಲಿಸಿದ. ಈಗ ಅವನ ಮುಖ ಬೇರೆಯಾಗಿತ್ತು. ಅವನಿಗೆ ಬೆಡಗಿನ ವಿಚಾರ ಬಂದಿತ್ತು. ನಮ್ಮಲ್ಲಿ ಬೆಡಗು ತಂದೆಯಿಂದ ಮಗನಿಗೆ ಬರುತ್ತದೆ. ಒಂದೇ ಬೆಡಗಿನವರು ಅಣ್ಣತಂಗಿಯರ ಹಾಗೆ. ಅವರಲ್ಲಿ ಕೊಡುವುದು ತರುವುದು ಇಲ್ಲ. ಲಕ್ಕಪ್ಪ ಮಗಳ ಮಗನಾದರೆ ನಮ್ಮ ಬೆಡಗು ಉದ್ದಪ್ಪನದಲ್ಲ, ಹಣಮವ್ವನ ಗಂಡನದು. ಆ ಗಂಡ ಯಾರು, ಯಾವ ಬೆಡಗಿನವನು ಎಂದು ಅರ್ಜಿಯಲ್ಲಿ ಇರಲಿಲ್ಲ. ಎತ್ತಿನ ಕೋಡಿನ ತನಕ ಬರೆಸಿದ್ದಳು, ಗಂಡನ ಹೆಸರು ಬರೆಸಿರಲಿಲ್ಲ.

“ನೂರಾ ಇಪ್ಪತ್ತು ವರ್ಷದಾಗ ತಂದ ಸೊಸ್ತೇರೊಳಗ,” ಎಂದ ಅಲ್ಲಪ್ಪ ಮೆಲ್ಲಗೆ, “ಯಾವಾಕಿ ನಮಗ ತಂಗಿ ಆಗ್ತಾಳು, ಯಾವಾಕಿ ಅತ್ತಿ ಆಗ್ತಾಳು, ಯಾರಿಗೆ ಗೊತ್ತು? ನಮ್ಮ ಬೆಡಗ ಒಂದ ಅಂತ ಬಿಟ್ಟ ಸಂಬಂಧ ಎಷ್ಟದಾವು? ಅರಭಾಂವ್ಯಾಗ ನನಗೊಂದು ಕನ್ಯಾ ಬಂದಿತ್ತು. ಬೆಳ್ಳಗಿದ್ಲು. ಬೆಡಗ ಒಂದ ಅಂತ ಬಿಟ್ವಿ.”

“ಈಗ ಮನ್ಯಾಗ ವೈನಿ ಮುಂದ ಹೇಳಬ್ಯಾಡ.”

“ಹುಚ್ಚೇನ ನನಗ?”

ಅವನು ಎತ್ತುಗಳನ್ನು ಹೊಡೆದ. ಎತ್ತುಗಳನ್ನು ಬಯ್ಯುವ ಅಭ್ಯಾಸ ಅವನಿಗೆ ಇತ್ತು. ಆ ದಿನ ಬಯ್ಯಲಿಲ್ಲ.

ಯುಗಾದಿಗೆ ಹದಿನೈದು ದಿನ ಇತ್ತು. ಸತ್ತೆಪ್ಪ ಮಗಳ ಲಗ್ನದ ಮಾತಿಗೆಂದು ನಾಲ್ಕು ದಿನ ಊರಿಗೆ ಹೋಗಿದ್ದಾನೆಂದು ತಿಳಿದು, ನಾವಿಬ್ಬರೂ ಮೋಟಾರು ಹತ್ತಿ ಹುಕ್ಕೇರಿಗೆ ಹೋದೆವು. ಅಲ್ಲಿಂದ ಅವನ ಹಳ್ಳಿಗೆ ನಡೆದೆವು. ಅಲ್ಲಪ್ಪ ನನ್ನ ಜೊತೆಗೆ ಬಂದದ್ದು ನನ್ನನ್ನು ತಡೆಯುವುದಕ್ಕೆ. ದಾರಿಯಲ್ಲಿ ಅವನು ಅದನ್ನು ಮುಚ್ಚಿಡಲಿಲ್ಲ. ಬುತ್ತಿಯನ್ನು ಮಾತ್ರ ಇಬ್ಬರಿಗೂ ಕಟ್ಟಿಸಿಕೊಂಡು ಬಂದಿದ್ದ.

ಸತ್ತೆಪ್ಪನ ಮನೆಯಲ್ಲಿ ಹಳೆಯ ಹೊತ್ತಿಗೆಗಳು ಒಂದು ಮರದ ಪೆಟ್ಟಿಗೆಯಲ್ಲಿ ಬೇವಿನ ಎಲೆಯ ನಡುವೆ ಇದ್ದವು. ಊರೂರಿಗೆ ಒಯ್ಯುವುದು ನಕಲು, ಇವು ಮೂಲ. ಅವನು ನಮ್ಮ ಬಳ್ಳಿ ತೆಗೆದ. “ಉದ್ದಪ್ಪನ ಮಗ ಭೀಮರಾಯ, ಅವನ ಮಗ ಲಕ್ಕಪ್ಪ” ಎಂದೇ ಇತ್ತು. ನಾನು ಕನ್ನಡದಲ್ಲಿ ಬರೆದುಕೊಂಡಿದ್ದ ಅರ್ಜಿಯನ್ನು ಓದಿ ಹೇಳಿದೆ. ಅವನು ಕೇಳಿ, ಎಲೆಅಡಿಕೆ ಹಾಕಿಕೊಂಡು, ಬಹಳ ಹೊತ್ತು ಅಗಿದ.

“ನಮ್ಮ ಹಿರೇರು ಎತ್ತಿನ ಮ್ಯಾಲಿಂದ ಇಳಿಯಂಗಿಲ್ರಿ,” ಎಂದ ಕೊನೆಗೆ. “ಇಳದು ಒಳಗ ನೋಡಂಗಿಲ್ಲ. ಬಾಗಲಾಗ ನಿಂತು ಕೇಳಿರಬೇಕು, ಉದ್ದಪ್ಪನ ಹಿಂದ ಈ ಮನಿ ಒಕ್ಕಲತನಾ ಯಾರ ಮ್ಯಾಲ ನಡದೈತಿ ಯವ್ವಾ ಅಂತ. ನನ್ನ ಮ್ಯಾಲ ಅಂತ ಹೆಣ್ಣಮಗಳು ಹ್ಯಾಂಗ ಅಂತಾಳ್ರಿ? ಹೆಂಗಸು ನೇಗಿಲಾ ಹಿಡದಾಳ ಅಂತ ಊರೆಲ್ಲಾ ಒದರ್ತೈತಿ. ಭೀಮರಾಯನ ಮ್ಯಾಲ ಅಂದಾಳ. ಖರೇನ ಹೇಳ್ಯಾಳ. ಹ್ಯಾಂಗದಾನ ಭೀಮರಾಯ ಅಂತ ಕೇಳ್ಯಾರ. ಅದನ್ನೂ ಖರೇನ ಹೇಳ್ಯಾಳ.”

“ಹಿರೇರಿಗೆ ತಿಳೀಲಿಲ್ಲೇನ?”

“ಗಂಡಸ ಇಲ್ಲದ ಮನಿ ಅಂದ್ರ ಬಳ್ಳಿ ಒಣಗಿತು ಅಂತ ಬರೀಬೇಕ್ರಿ. ಒಣಗಿದ ಬಳ್ಳಿ ಮನ್ಯಾಗ ನಾವ ಜ್ವಾಳಾ ಮುಟ್ಟೂದಿಲ್ಲ. ಹಸದಾವ ಹೆಚ್ಚಿಗಿ ಕೇಳೂದಿಲ್ರಿ.”

ಅಲ್ಲಪ್ಪ ಮುಂದೆ ಸರಿದು ಕುಳಿತ. “ಅದನ್ನ ಈಗ ತಿದ್ದತೀ ಏನ?”

“ಅಜ್ಜ ಬರದದ್ದನ್ನ ನಾ ಹೊಡದು ಹಾಕಂಗಿಲ್ರಿ. ಭಾವಕಿ ಹಿರಿಯ ಬಾಗಲಾಗ ನಿಂತು ‘ಬರಿ’ ಅಂದ್ರ ಬಾಜೂಕ ಹಚ್ಚಬಹುದು.”

“ನಾ ಅನ್ನೂದಿಲ್ಲ.”

“ಹಂಗಾರ ಇರ್ಲಿ ಬಿಡ್ರಿ.” ಸತ್ತೆಪ್ಪ ನನ್ನ ಕಡೆ ತಿರುಗಿದ. “ಆದ್ರ ಧಣಿ, ನಿಮ್ಮ ಕೆಲಸ ಆತಲ್ರಿ. ಹಿಂದ ನಿಮ್ಮ ಬಳ್ಳ್ಯಾಗ ಮಗಳ್ನ ಬರದಾರ. ಎತ್ತಿನ ಹೆಸರಿಲೆ ಬರದಾರ. ಅದ ಪದ್ಧತಿಲೆ ನಾನೂ ಬರೀತೀನಿ. ನಿಮ್ಮ ಕಾಡವ್ವ ಯಾವ ಎತ್ತ ಹೂಡ್ತಿದ್ರು?”

ನಾನು ಹೇಳಬೇಕೋ ಬೇಡವೋ ಎಂದು ನೋಡುವಷ್ಟರಲ್ಲಿ ಅಲ್ಲಪ್ಪ ಹೇಳಿದ. “ಸರ್ಜಾ.”

“ಸಾತಪ್ಪನ ಮಗ ಸರ್ಜೇರಾವ,” ಎಂದ ಸತ್ತೆಪ್ಪ, ಓದುವ ದನಿಯಲ್ಲಿ.

“ಛಲೋ ಕೇಳಸ್ತೈತಿ,” ಎಂದ ಅಲ್ಲಪ್ಪ. ಅವನು ಕುಹಕಕ್ಕೆ ಹೇಳಲಿಲ್ಲ. ನಿಜವಾಗಿಯೂ ಚೆನ್ನಾಗಿಯೇ ಕೇಳಿಸಿತು.

ಮನೆಗೆ ಬಂದು ಸುಂದ್ರವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಣಮವ್ವನ ಮಾತು ಬಂದಾಗ ಕೈ ನಿಲ್ಲಿಸಿದಳು. ಸರ್ಜೇರಾವನ ಮಾತು ಬಂದಾಗ ಮತ್ತೆ ಬಡಿಯಲು ಹತ್ತಿದಳು, ಸ್ವಲ್ಪ ಜೋರಾಗಿ.

“ಎತ್ತಿನ ಹೆಸರು ಎತ್ತಿಗಿರ್ಲಿ,” ಎಂದಳು. “ಕಾಡವ್ವ ಅಂತ ನಾ ಇಟ್ಟದ್ದು. ಕೂಸು ಬದುಕ್ಲಿ ಅಂತ ಗುಡ್ಯಾಗ ಕಾಡವ್ವ ದೇವಿಗೆ ಉರುಳಸೇವಾ ಮಾಡಿ ಇಟ್ಟದ್ದು. ಬರದ್ರ ಅದನ್ನ ಬರೀಲಿ. ಇಲ್ಲಂದ್ರ ಖಾಲಿ ಇರ್ಲಿ.”

“ಮಗಳು ಅಂತ ಬರೀಬೇಕಂದ್ರ ಅಲ್ಲಪ್ಪಣ್ಣ ‘ಬರಿ’ ಅನಬೇಕಂತ.”

“ಕೇಳಿ ನೋಡ್ರಿ. ನಿಮ್ಮ ಅಣ್ಣ ಅಲ್ಲೇನು?”

ಮರುದಿನ ಮುಂಜಾನೆ ಹೋದೆ. ಅಲ್ಲಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ನನಗಿಂತ ಮೊದಲೇ ಅವನು ವಿಚಾರ ಮಾಡಿ ಇಟ್ಟಿದ್ದ ಎಂದು ಮಾತಿನಲ್ಲೇ ತಿಳಿಯಿತು.

“ನೋಡ ತಮ್ಮಾ. ಕಾಡವ್ವಗ ಮಕ್ಕಳಿಲ್ಲ. ಆಕೀನ್ನ ಬರದ್ರ ಯಾರ ಬೆಡಗಿಗೂ ಧಕ್ಕಿ ಇಲ್ಲ. ಬಳ್ಳಿ ಆಕಿ ಹತ್ರ ನಿಂತ ಹೋಗ್ತೈತಿ. ಹಣಮವ್ವನ್ನ ಬರದ್ರ ನಾವ ಯಾರೂ ನಾವಲ್ಲ. ನನ್ನ ಮೊಮ್ಮಗಳ ಲಗ್ನ ವೈಶಾಖದಾಗ ಐತಿ.”

“ಹೂಂ.”

“ಆ ಮೋಡಿ ಕಾಗದಾ ನನ್ನ ಕೈಯಾಗ ಕೊಡು. ನಾ ಬಾಗಲಾಗ ನಿಂತು, ಕಾಡವ್ವಗ ‘ಬರಿ’ ಅಂತೀನಿ. ಹಣಮವ್ವನ ಸುದ್ದಿ ನೀನೂ ಎತ್ತಬ್ಯಾಡ, ನಾನೂ ಎತ್ತೂದಿಲ್ಲ.”

ನಾನು ವಿಚಾರ ಮಾಡಿ ಹೇಳುತ್ತೇನೆ ಎಂದು ಬಂದೆ. ವಿಠೋಬನ ಪಟದ ಮುಂದೆ ಕುಳಿತೆ. ಒಬ್ಬಳು ಗಂಡ ಸತ್ತು ಬಂದು, ಹೆಂಗಸು ಮುಟ್ಟಬಾರದೆಂಬ ನೇಗಿಲು ಹಿಡಿದು, ಜಾಲಿಮಡ್ಡಿ ಮುರಿದು, ನನ್ನ ಮುತ್ತಜ್ಜನನ್ನು ಸಾಕಿದಳು. ಅವಳು ಹಾಗೆ ಮಾಡದಿದ್ದರೆ ನಾನು ಇರುತ್ತಿರಲಿಲ್ಲ, ಕಾಡವ್ವ ಇರುತ್ತಿರಲಿಲ್ಲ. ಇನ್ನೊಬ್ಬಳು ಅದೇ ಹೊಲದಲ್ಲಿ ಅದೇ ಕೆಲಸ ಮಾಡಿದಳು, ಹೋದಳು. ಒಬ್ಬಳ ಹೆಸರಿಗೆ ಇನ್ನೊಬ್ಬಳ ಹೆಸರನ್ನು ಕೊಡಬೇಕು. ಇದು ಪಾಪವೋ ಅಲ್ಲವೋ ಹೇಳು ಎಂದು ಕೇಳಿದೆ. ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ಇಟ್ಟಿಗೆಯ ಮೇಲೆ ನಿಂತೇ ಇದ್ದ.

ಸಂಜೆ ಕಾಗದವನ್ನು ಒಯ್ದು ಅಲ್ಲಪ್ಪನಿಗೆ ಕೊಟ್ಟೆ.

ಅಲ್ಲಪ್ಪ ಕೆಟ್ಟವನಲ್ಲ. ಅದನ್ನು ಹರಿಯಲಿಲ್ಲ, ಸುಡಲಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿ, ದೇವರ ಜಗಲಿಯ ಕೆಳಗೆ ಇಟ್ಟ. ಯಾರೂ ಓದಬಾರದು ಎಂದು ಮನೆಯಲ್ಲಿ ತಾಕೀತು ಮಾಡಿದ. ಮೋಡಿ ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ತಾಕೀತು ಮಾಡಿದ. ಅವನ ಹೆಂಡತಿ ಅದು ಯಾವುದೋ ಮಂತ್ರವೆಂದು ತಿಳಿದು ನಿತ್ಯ ಊದಿನಕಡ್ಡಿ ಹಚ್ಚಲು ಹತ್ತಿದಳು ಎಂದು ಆಮೇಲೆ ಕೇಳಿದೆ. ಹಣಮವ್ವನಿಗೆ ಅಷ್ಟಾದರೂ ಸಂದಿತು. ಇದರಿಂದ ನನ್ನ ಮನಸ್ಸಿಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಯುಗಾದಿಯ ಹಿಂದಿನ ದಿನ ಸತ್ತೆಪ್ಪ ಬಂದ. ಎತ್ತಿನ ಮೇಲೆ ಕುಳಿತು, ಕಂಬಳಿ ಹೊದ್ದುಕೊಂಡು, ನಮ್ಮ ಬಾಗಿಲ ಮುಂದೆ ನಿಂತ. ಅಲ್ಲಪ್ಪ ತಲೆಗೆ ತೊಳೆದ ಪಟಗಾ ಸುತ್ತಿಕೊಂಡು ಬಂದಿದ್ದ. ಹೊಸಿಲಿನ ಪಕ್ಕ ನಿಂತು, ಕೆಮ್ಮಿ, “ಬರಿ” ಎಂದ.

“ಏನಂತ ಬರೀಲ್ರಿ?”

“ಕಾಡವ್ವ ಅಂತ ಬರಿ. ಇದ್ದ ಹೆಸರ ಬರಿ.”

“ಮಗಳು ಅಂತ ಹಚ್ಚಲ್ಯಾ?”

“ಮತ್ತೇನ ಅಂತ ಹಚ್ಚತೀ?”

ಸತ್ತೆಪ್ಪ ಬರೆದ. ಅವನ ಅಕ್ಷರ ದಪ್ಪ. ಆರೇ ಮಾತಿಗೆ ಬಹಳ ಹೊತ್ತು ತೆಗೆದುಕೊಂಡ. ಮಸಿ ಆರಲೆಂದು ಹಾಳೆಯ ಮೇಲೆ ಊದಿದ. ಹೊಸದಾಗಿ ಬರೆದ ಮೇಲೆ ಇಡೀ ಬಳ್ಳಿಯನ್ನು ಒಮ್ಮೆ ಓದುವುದು ಅವರ ಪದ್ಧತಿ. ಓದಿದ. ಏಳನೆಯ ಹೆಸರಿಗೆ ದನಿ ಏರಿಸಿದ: ಕೆಂದ ಮೈಯಾತ, ಹಣಿ ಮ್ಯಾಲ ಬಿಳಿ ಬೊಟ್ಟಿನಾತ. ಅಲ್ಲಪ್ಪ ನೆಲ ನೋಡಿದ. ನಾನು ಅಲ್ಲಪ್ಪನನ್ನು ನೋಡಿದೆ. ಆಮೇಲೆ ಇಬ್ಬರೂ ಕೈ ಮುಗಿದೆವು.

“ಸಾತಪ್ಪನ ಮಗಳು ಕಾಡವ್ವ. ತವರಿನ ಒಕ್ಕಲತನಾ ಮಾಡಿದಾಕಿ,” ಎಂದು ಓದಿ ಸತ್ತೆಪ್ಪ ಹೊತ್ತಿಗೆ ಮುಚ್ಚಿದ.

ಸುಂದ್ರವ್ವ ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಅವನ ಜೋಳಿಗೆಗೆ ಹಾಕಿದಳು. ಆಮೇಲೆ ಮತ್ತೆ ಒಳಗೆ ಹೋಗಿ ಇನ್ನೊಂದು ಮೊರ ತಂದಳು.

“ಒಂದ ಸಾಕ್ರಿ ಯವ್ವಾ,” ಎಂದ ಸತ್ತೆಪ್ಪ.

“ಇನ್ನೊಮ್ಮೆ ಓದು.”

“ಕಡೀ ಸಾಲಷ್ಟ ಓದಾಕ ಬರೂದಿಲ್ರಿ. ಓದಿದ್ರ ಮೊದಲಿಂದ ಓದಬೇಕು.”

“ಮೊದಲಿಂದ ಓದು. ನಮಗೇನ ಅವಸರ ಐತಿ?”

ಸತ್ತೆಪ್ಪ ನನ್ನ ಕಡೆ ನೋಡಿದ, ಅಲ್ಲಪ್ಪನ ಕಡೆ ನೋಡಿದ, ಜೋಳದ ಕಡೆ ನೋಡಿದ. ಹೊತ್ತಿಗೆ ಬಿಚ್ಚಿ ಮೂಲಪುರುಷನಿಂದ ಹಿಡಿದ. ಬಿಸಿಲು ಕಟ್ಟೆಯ ತನಕ ಬಂದಿತ್ತು. ಈ ಸಲ “ಉದ್ದಪ್ಪನ ಮಗ” ಎಂದಾಗ ನಾನು ಬಾಯಿಯೊಳಗೇ ಹಣಮವ್ವ ಎಂದೆ. ಕೊಟ್ಟ ಮಾತಿಗೆ ಅಷ್ಟು ತಪ್ಪಿದೆ. ಅಲ್ಲಪ್ಪನ ತುಟಿಯೂ ಅಲುಗಿದ ಹಾಗೆ ಕಂಡಿತು, ಆದರೆ ಏನೆಂದೆ ಎಂದು ನಾನು ಅವನನ್ನು ಕೇಳಲಿಲ್ಲ.

ಸುಂದ್ರವ್ವ ಹೊಸಿಲಿನ ಮೇಲೆ ಕುಳಿತು, ಕಥೆ ಕೇಳುವವರ ಹಾಗೆ, ಒಂದೊಂದು ಹೆಸರಿಗೂ “ಹೂಂ” ಎನ್ನುತ್ತಿದ್ದಳು. ಕಾಡವ್ವನ ಹೆಸರು ಬಂದಾಗಲೂ “ಹೂಂ” ಎಂದಳು. ಅವನು ಹೊತ್ತಿಗೆ ಕಟ್ಟುವಷ್ಟರಲ್ಲಿ ಎದ್ದು, ಅಷ್ಟು ಹೊತ್ತು ನಿಂತಿದ್ದ ಎತ್ತಿಗೆ ನೀರು ತರಲು ಹೋದಳು.